ಕಾನಿಂಗಿರೆಯ ಕಲ್ಲುಗುಪ್ಪೆ

ಎಪುಪಾಕ್ಕೆ ಬಂದವರು ಯಾರೇ ಆಗಲಿ, ಜಲಪಾತ ನೋಡುವ ಮೊದಲು ಕಾನಿಂಗಿರೆಯ ಬಾಯಿಂದ ಉಗುಳಿಸಿಕೊಳ್ಳಬೇಕು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅವಳು ಕುನೆನೆ ನದಿಯ ನೀರನ್ನು ಬಾಯಿ ತುಂಬ ತೆಗೆದುಕೊಂಡು, ಬಂದವರ ಮುಖಕ್ಕೆ ಫುರ್ರೆಂದು ಹಾರಿಸಿ, ಪಕ್ಕದ ಕಲ್ಲುಗುಪ್ಪೆಯ ಕಡೆ ತಿರುಗುತ್ತಾಳೆ. "ಅಪ್ಪಾ, ಇವ್ರು ಹೊಸಬರು. ನೀರು ನೋಡೋಕೆ ಬಂದಿದ್ದಾರೆ. ಕಾಲು ಜಾರಿಸಬೇಡ" ಅನ್ನುತ್ತಾಳೆ. ಆಮೇಲೆ ಬಂದವರು ಒಂದು ಕಲ್ಲನ್ನು ಗುಪ್ಪೆಯ ಮೇಲಿಟ್ಟು ತಮ್ಮ ಹೆಸರು, ಹೆತ್ತವರ ಹೆಸರು ಹೇಳಿ ದಾರಿ ಕೇಳಬೇಕು. ಹೊಸಬರಿಗೆ ನೀರು ಒಂದೇ ಸಲ. ಕಲ್ಲು ಮಾತ್ರ ಆ ದಾರಿಯಲ್ಲಿ ಹೋದಾಗಲೆಲ್ಲ ಇಡಬೇಕು, ಹಳಬರಾದರೂ ಸರಿ. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಬಿಳಿಯರಿಗೂ, ಇಸ್ತ್ರಿ ಮಾಡಿದ ಅಂಗಿಯ ದೊಡ್ಡ ಮನುಷ್ಯರಿಗೂ ಅವಳದು ಒಂದೇ ನ್ಯಾಯ.

ನಾನು ಅಲ್ವೀನ. ಜಲಪಾತಕ್ಕೆ ಹೋಗುವ ಮಣ್ಣಿನ ರಸ್ತೆಯಲ್ಲಿ ಸಕ್ಕರೆ, ಜೋಳದ ಹಿಟ್ಟು, ನಶ್ಯ ಮಾರುವ ಅಂಗಡಿ ನನ್ನದು. ನಾನು ಹೆರೆರೊ ಕುಲದವಳು, ಅವಳು ಹಿಂಬಾ. ಮಾತು ಒಂದೇ, ಹಿಂದಿನ ಅಜ್ಜಂದಿರೂ ಒಬ್ಬರೇ, ಉಡುಪು ಮಾತ್ರ ಬೇರೆ. ನನ್ನದು ನೆಲ ಗುಡಿಸುವ ಗೌನು, ತಲೆಯ ಮೇಲೆ ಹಸುವಿನ ಕೊಂಬಿನ ಹಾಗೆ ಎರಡೂ ಕಡೆ ಚಾಚಿದ ಬಟ್ಟೆ. ಅವಳದು ಸೊಂಟಕ್ಕೆ ಆಡಿನ ಚರ್ಮ, ಮೈಗೆ ಬೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು.

"ಅಷ್ಟು ಬಟ್ಟೆಯೊಳಗೆ ನೀನು ಎಲ್ಲಿದ್ದೀಯೇ ಅಲ್ವೀನ?" ಎಂದು ಅವಳು ದಿನಾ ಕೇಳುತ್ತಾಳೆ.

"ದೂರ ನಿಂತು ಮಾತಾಡೇ. ನೀನು ತಾಗಿದ್ರೆ ಈ ಗೌನು ಒಗೆಯೋಕೆ ಮೂರು ದಿನ ಬೇಕು" ಎಂದು ನಾನು ದಿನಾ ಹೇಳುತ್ತೇನೆ.

ಮೂವತ್ತು ವರ್ಷಗಳಿಂದ ಇದೇ ಮಾತು. ಒಂದು ದಿನ ತಪ್ಪಿದರೆ ಇಬ್ಬರಿಗೂ ಏನೋ ಕಳೆದುಕೊಂಡ ಹಾಗಾಗುತ್ತದೆ.

ಅವಳ ಅಪ್ಪನ ಹೆಸರು ಕತುಪಾ. ಎಡಗಾಲು ಕುಂಟು, ಚಿಕ್ಕಂದಿನಲ್ಲಿ ಎತ್ತು ಒದ್ದದ್ದು. ಆಚೆ ದಡ ಅಂಗೋಲ. ಅದು ಬೇರೆ ದೇಶವೆಂದು ನಮಗೆ ಗೊತ್ತಾದದ್ದೇ ಯುದ್ಧದ ಕಾಲದಲ್ಲಿ ಸೈನಿಕರು ಬಂದ ಮೇಲೆ. ಅದಕ್ಕೂ ಮುಂಚೆ ನಮ್ಮ ದನಗಳಿಗೆ ಎರಡೂ ದಡದಲ್ಲಿ ಹುಲ್ಲಿತ್ತು, ನಮಗೆ ಎರಡೂ ದಡದಲ್ಲಿ ನೆಂಟರಿದ್ದರು. ಸೈನಿಕರು ಬಂದ ವರ್ಷ ಕತುಪಾನ ಹದಿನಾಲ್ಕು ಹಸುಗಳು ಆಚೆ, ಅವನ ತಂಗಿಯ ಹಟ್ಟಿಯಲ್ಲಿ ಉಳಿದುಬಿಟ್ಟವು. ಏಪ್ರಿಲ್ ತಿಂಗಳು, ನದಿ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವನು ತನ್ನ ಬೂದು ಎತ್ತನ್ನು ನೀರಿಗಿಳಿಸಿ, ಅದರ ಬಾಲ ಹಿಡಿದುಕೊಂಡು ಈಜಲು ಹೊರಟ. ನಾವೆಲ್ಲ ನದಿ ದಾಟುವುದು ಹಾಗೆಯೇ. ಎಂಟು ವರ್ಷದ ಕಾನಿಂಗಿರೆ ಅವನ ಕೋಲು ಹಿಡಿದುಕೊಂಡು ದಡದಲ್ಲಿ ನಿಂತಿದ್ದಳು. ತಾಳೆಮರಗಳ ತಿರುವಿನವರೆಗೆ ಅಪ್ಪನ ತಲೆ ಕಾಣಿಸುತ್ತಿತ್ತು, ಆಮೇಲೆ ಕಾಣಲಿಲ್ಲ ಎಂದು ಅವಳು ಹೇಳುತ್ತಾಳೆ.

ಮಾರನೆಯ ಬೆಳಿಗ್ಗೆ ಬೂದು ಎತ್ತು ಈಚೆ ದಡದಲ್ಲೇ, ಜಲಪಾತದ ಮೇಲಿನ ತಿರುವಿನಲ್ಲಿ ಹುಲ್ಲು ಮೇಯುತ್ತಿತ್ತು. ಕುತ್ತಿಗೆಯ ಹಗ್ಗ ಇನ್ನೂ ಒದ್ದೆ. ಕತುಪಾ ಇರಲಿಲ್ಲ. ಹನ್ನೆರಡು ದಿನ ಹುಡುಕಿದರು. ಅಲ್ಲಿ ನದಿ ಹತ್ತಾರು ಸೀಳಾಗಿ ಬಂಡೆಗಳ ಸಂದಿಗೆ ಧುಮುಕುತ್ತದೆ. ಸಿಕ್ಕಿಕೊಂಡದ್ದನ್ನು ನೀರು ವಾಪಸು ಕೊಡುವುದಿಲ್ಲ. ಕೆಳಗೆ ಮೊಸಳೆಗಳೂ ಇವೆ. ಕೊನೆಗೆ ಅವಳ ಅಮ್ಮ ಎತ್ತು ನಿಂತಿದ್ದ ಜಾಗದಲ್ಲೇ ಕಲ್ಲು ಪೇರಿಸಿದಳು, ಆ ಎತ್ತನ್ನೇ ಕಡಿಸಿ ಅದರ ಕೊಂಬನ್ನು ಕಂಬಕ್ಕೆ ಕಟ್ಟಿಸಿದಳು. ಗೋರಿಗೆ ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಒಳಗೆ ಹೆಣ ಮಾತ್ರ ಇರಲಿಲ್ಲ.

ಎರಡು ವರ್ಷದ ಮೇಲೆ ಆಚೆಯಿಂದ ಬಂದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಹಾಲು ಕುಡಿಯುತ್ತ ಕೂತವನು, "ನದಿಯಿಂದ ಎರಡು ದಿನದ ದಾರೀಲಿ ಒಬ್ಬ ಕುಂಟ ಇದ್ದಾನೆ. ಹೊಸ ಹೆಂಡತಿ, ಹದಿನಾಲ್ಕು ಹಸು" ಅಂದ. ಅವಳ ಅಮ್ಮ ಅವನ ಕೈಯಿಂದ ಹಾಲಿನ ಸೋರೆಬುರುಡೆ ಕಿತ್ತುಕೊಂಡಳಂತೆ. ಅಲ್ಲಿಂದ ಮುಂದೆ ಆ ಮಾತನ್ನು ಅವರ ಹಟ್ಟಿಯಲ್ಲಿ ಯಾರೂ ಆಡಲಿಲ್ಲ. ಹಟ್ಟಿಯ ಹೊರಗೆ ಎಲ್ಲರೂ ಆಡಿದರು. ನಾನೂ ಆಡಿದ್ದೇನೆ, ಸುಳ್ಳೇಕೆ ಹೇಳಲಿ.

ಕಾನಿಂಗಿರೆ ಎರಡು ಸಲ ಮದುವೆಯಾಗಿ ಎರಡು ಸಲವೂ ತನ್ನ ಆಡುಗಳನ್ನು ಹೊಡೆದುಕೊಂಡು ತಿರುವಿನ ಗುಡಿಸಲಿಗೆ ವಾಪಸು ಬಂದಳು. ಮೊದಲನೆಯ ಗಂಡ ಬಡಿಯುತ್ತಿದ್ದ. ಎರಡನೆಯವನು ಪಾಪದವನು, ಆದರೆ "ಇಲ್ಲದ ಅಪ್ಪನಿಗೆ ದಿನಾ ಕಲ್ಲು ಇಡೋಕೆ ಅಷ್ಟು ದೂರ ಯಾಕೆ ನಡೀತೀಯ?" ಎಂದು ಒಂದು ಸಲ ಕೇಳಿಬಿಟ್ಟ. ಅವತ್ತೇ ಸಂಜೆ ಹೊರಟು ಬಂದಳು. ಅಮ್ಮ ಸತ್ತ ಮೇಲೆ, ಅಣ್ಣತಮ್ಮಂದಿರು ಇಲ್ಲದ ಕಾರಣ, ಗುಪ್ಪೆ ಕಾಯುವ ಕೆಲಸ ಅವಳ ಪಾಲಿಗೆ ಬಂತು. ಯಾರೂ ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು.

ಇನ್ನೊಂದು ವಿಷಯ ನನಗೆ ಮಾತ್ರ ಗೊತ್ತಿತ್ತು. ಪ್ರತಿ ಅಕ್ಟೋಬರಿನಲ್ಲಿ ನದಿ ಬತ್ತಿ ಬಂಡೆಗಳು ಮೇಲೇಳುವಾಗ ಅವಳು ಅಪ್ಪನ ಕೋಲು ಹಿಡಿದು ಜಲಪಾತದ ಕೆಳಗಿನ ಮಡುಗಳಿಗೆ ಇಳಿಯುತ್ತಿದ್ದಳು. ಆಡು ಕಳೆದಿದೆ ಅನ್ನುತ್ತಿದ್ದಳು. ಪ್ರತಿ ವರ್ಷ, ಅದೇ ತಿಂಗಳಲ್ಲಿ, ಆಡೇ ಕಳೆಯುತ್ತದೆಯೇ? ಅವಳು ಸಂದಿಗಳಲ್ಲಿ ಕೋಲಾಡಿಸುತ್ತ ಎಲುಬು ಹುಡುಕುತ್ತಿದ್ದಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಇನ್ನು ಎಲಿಫಾಸ್. ಕಹಾರೆಯ ಮಗ, ಓಪುವೊ ಪೇಟೆಯಲ್ಲಿ ಓದಿದವನು. ನದಿಯ ಮೇಲ್ಗಡೆ ಪ್ರವಾಸಿಗಳಿಗೆ ಹತ್ತು ಡೇರೆ ಹಾಕಿದ್ದಾನೆ, ಬಿಳೀ ಪಿಕಪ್ ಇದೆ. ಕೆಟ್ಟವನಲ್ಲ, ಆದರೆ ಯಾವ ಮರ ಕಂಡರೂ ಅದರ ಕೆಳಗೆ ಎಷ್ಟು ಕುರ್ಚಿ ಹಿಡಿಸುತ್ತದೆ ಎಂದು ನೋಡುವ ಕಣ್ಣು ಅವನದು. ಆರು ವರ್ಷದವನಿದ್ದಾಗ ಅವನ ತಾಯಿ ಅವನನ್ನು ಮೊದಲ ಸಲ ನದಿಗೆ ಕರೆತಂದಿದ್ದಳು. ಕಾನಿಂಗಿರೆಯ ಅಮ್ಮ ಮುಖಕ್ಕೆ ನೀರು ಹಾರಿಸಿದಾಗ ಹೆದರಿ ಅತ್ತುಬಿಟ್ಟಿದ್ದ. ಆಗ ಅವನ ಕೈಯಲ್ಲಿ ಕಲ್ಲು ಇಟ್ಟು, ಹೆಸರು ಹೇಳುವುದನ್ನು ಕಲಿಸಿದವಳು ಕಾನಿಂಗಿರೆ.

ಹೋದ ವರ್ಷ ಅವನು ತಿರುವಿಗೆ ಬಂದ. ನಾನು ಅಲ್ಲೇ ಕೂತು ಅವಳ ಜೊತೆ ನಶ್ಯ ಏರಿಸುತ್ತಿದ್ದೆ.

"ಮೊರೊ, ಕಾನಿಂಗಿರೆ ಅಕ್ಕಾ. ಚೆನ್ನಾಗಿದ್ದೀಯಾ?"

"ಮೊರೊ. ಅಕ್ಕಾ ಅಂದೆಯಲ್ಲ, ಏನೋ ಕಿತ್ತುಕೊಳ್ಳೋಕೆ ಬಂದಿದ್ದೀಯ. ಹೇಳು."

ಅವನು ನಕ್ಕು ಕಾಗದ ಬಿಚ್ಚಿದ. ಜಲಪಾತ ಪೂರಾ ಕಾಣುವುದು ಈ ತಿರುವಿನಿಂದ ಮಾತ್ರ. ಇಲ್ಲಿ ಮರದ ಅಟ್ಟಣೆ, ಸುತ್ತ ಬೇಲಿ, ಗೇಟು, ಹಿಂದೆ ಗಾಡಿ ನಿಲ್ಲಿಸುವ ಜಾಗ. ಗುಡಿಸಲು ಮತ್ತು ಆಡಿನ ದೊಡ್ಡಿ ಬೇಲಿಯ ಹೊರಗೆ ಹೋಗಬೇಕು.

"ಕಲ್ಲುಗಳನ್ನ ನೂರು ಹೆಜ್ಜೆ ಹಿಂದಕ್ಕೆ ಇಡಿಸ್ತೀನಿ ಅಕ್ಕಾ. ಸಿಮೆಂಟು ಹಾಕಿಸಿ ಹೆಸರೂ ಬರೆಸ್ತೀನಿ."

"ಮೊದ್ಲು ನಿಮ್ಮಪ್ಪನ್ನ ನೂರು ಹೆಜ್ಜೆ ಎತ್ತಿಡು. ಕೈಗೆ ಅಭ್ಯಾಸ ಆಗ್ಲಿ."

"ನಿನಗೆ ಗೇಟಿನಲ್ಲಿ ಕೆಲಸ ಕೊಡ್ತೀನಿ. ನೆರಳಲ್ಲಿ ಕೂತ್ಕೊಂಡಿರೋದು, ಅಷ್ಟೆ. ಪ್ರವಾಸಿಗಳಿಗೆ ನಿನ್ನ ಕಂಡ್ರೆ ಇಷ್ಟ."

"ಅವರಿಗೆ ಮೊಸಳೆ ಕಂಡ್ರೂ ಇಷ್ಟ. ಅದನ್ನ ಕೂರಿಸ್ಕೊ."

ನಾನು ನಕ್ಕದ್ದಕ್ಕೆ ನಶ್ಯ ಮೂಗಿನಿಂದ ಹಾರಿಹೋಯಿತು. ಎಲಿಫಾಸ್ ನಗಲಿಲ್ಲ. ಕಾಗದ ಮಡಿಸಿಕೊಂಡು, "ಹಾಗಾದ್ರೆ ಹಿರಿಯರ ಮುಂದೆ ಮಾತಾಡೋಣ" ಎಂದು ಹೇಳಿ ಹೋದ.

ನಮ್ಮಲ್ಲಿ ನೆಲದ ಜಗಳಕ್ಕೆ ಕಾಗದ ಆಮೇಲೆ, ಮೊದಲು ಗೋರಿ. ಯಾರ ಹಿರಿಯರು ಎಲ್ಲಿ ಮಲಗಿದ್ದಾರೋ ಅಲ್ಲಿ ಅವರ ಮಕ್ಕಳ ಮಾತು ನಡೆಯುತ್ತದೆ. ಸರ್ಕಾರದ ಭೂಮಿ ಕಚೇರಿಯವರೂ ಹಿರಿಯರ ಒಪ್ಪಿಗೆ ಇಲ್ಲದೆ ಮುದ್ರೆ ಒತ್ತುವುದಿಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎಲ್ಲರೂ ದೊಡ್ಡ ಮರದ ಕೆಳಗೆ ಸೇರಿದೆವು. ನಡುವೆ ಹಿರಿಯ ಮುತಂಬೊ ಕೂತಿದ್ದ. ಎಂಬತ್ತು ದಾಟಿದವನು, ಕಣ್ಣು ಮಂಜು, ಕಿವಿ ಚುರುಕು. ಪೇಟೆಯಿಂದ ಕಚೇರಿಯ ಒಬ್ಬ ಯುವಕ ಫೈಲು ಹಿಡಿದು ಬಂದಿದ್ದ. ಅವನಿಗೆ ನಮ್ಮ ಮಾತು ಬಾರದು, ಎಲಿಫಾಸ್ ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ತಕರಾರಿನವನೇ ದುಭಾಷಿ. ನನಗೆ ಅಲ್ಲೇ ಮೈ ಉರಿಯಿತು.

ಮುತಂಬೊ ನಮ್ಮ ಪದ್ಧತಿಯಂತೆ ಹುಳಿಹಾಲನ್ನು ಮೊದಲು ತಾನು ರುಚಿ ನೋಡಿ ಉಳಿದವರಿಗೆ ಬಿಟ್ಟುಕೊಟ್ಟ. ಆಮೇಲೆ ಕೇಳಿದ. "ಎಲಿಫಾಸ್, ಆ ತಿರುವಿನಲ್ಲಿ ನಿನ್ನವರು ಯಾರು ಮಲಗಿದ್ದಾರೆ?"

"ನನ್ನವರು ಯಾರೂ ಇಲ್ಲ ಅಜ್ಜಾ. ಆದ್ರೆ ಅವಳವರೂ ಯಾರೂ ಇಲ್ಲ."

ಗುಂಪು ಗುಜುಗುಜು ಅಂದಿತು. ಕಾನಿಂಗಿರೆ ಕಾಲು ಚಾಚಿ ಕೂತಿದ್ದವಳು ಮಡಿಸಿಕೊಂಡಳು.

"ಅದು ಬರೀ ಕಲ್ಲು" ಎಲಿಫಾಸ್ ಮುಂದುವರಿಸಿದ. "ಒಳಗೆ ಹೆಣ ಇಲ್ಲ, ಅದು ಎಲ್ಲರಿಗೂ ಗೊತ್ತು. ಬಾಯಿಬಿಟ್ಟು ಹೇಳೋರು ಇಲ್ಲ, ನಾನು ಹೇಳ್ತೀನಿ. ನಾನೇ ಆಚೆ ಹೋಗಿ ಬಂದೆ. ನದಿಯಿಂದ ಎರಡು ದಿನ. ಯುದ್ಧದ ವರ್ಷ ಅಲ್ಲಿಗೆ ಒಬ್ಬ ಎಡಗಾಲಿನ ಕುಂಟ ಬಂದು ಸೇರಿಕೊಂಡ. ಮದ್ವೆ ಆದ, ಮಕ್ಕಳಾದ್ವು. ಇವತ್ತಿಗೂ ಬದುಕಿದ್ದಾನಂತೆ. ಬದುಕಿರೋನಿಗೆ ಗೋರಿ ಕಟ್ಟಿದ್ರೆ ಅದು ಗೋರಿ ಆಗುತ್ತಾ ಅಜ್ಜಾ?"

"ನೀನು ಅವನನ್ನ ಕಣ್ಣಾರೆ ಕಂಡ್ಯಾ?" ಎಂದ ಮುತಂಬೊ.

"ದನ ಹೊಡ್ಕೊಂಡು ದೂರ ಹೋಗಿದ್ದ. ಹಟ್ಟಿ ನೋಡಿದೆ, ಹಟ್ಟಿಯೋರ ಜೊತೆ ಮಾತಾಡಿದೆ."

ನಾನು ಕಾನಿಂಗಿರೆಯ ಮುಖ ನೋಡಿದೆ. ಎಂದೂ ಬಾಯಿ ಸೋಲದವಳು. ಅವತ್ತು ಕೆಂಪು ಕೈಯಿಂದ ನೆಲದ ಮಣ್ಣನ್ನು ಸವರಿ ಸಮ ಮಾಡುತ್ತಿದ್ದಳು. ಅಪ್ಪ ಸತ್ತಿದ್ದರೆ ನೆಲ ಅವಳದು. ಬದುಕಿದ್ದರೆ ನೆಲವೂ ಇಲ್ಲ, ಅಪ್ಪನೂ ಇಲ್ಲ. ಎಂಟು ವರ್ಷದ ಮಗಳ ಕೈಗೆ ಕೋಲು ಕೊಟ್ಟು ಬಿಟ್ಟುಹೋದವನೊಬ್ಬ ಎಲ್ಲೋ ಹಾಲು ಕುಡಿಯುತ್ತಿದ್ದಾನೆ ಅಷ್ಟೆ. ಅದನ್ನು ನೆನೆದರೆ ಇವತ್ತಿಗೂ ನನಗೆ ಎಲಿಫಾಸನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

"ಹೇಳವ್ವಾ" ಎಂದ ಮುತಂಬೊ.

ಅವಳು ಎದ್ದು ನಿಂತಳು. "ಅಜ್ಜಾ, ಎಲುಬು ತೋರಿಸು ಅಂದ್ರೆ ನನ್ನ ಹತ್ರ ಇಲ್ಲ. ನಮ್ಮಪ್ಪ ನೀರಿಗಿಳಿದ. ನೀರಿಂದ ಎದ್ದಿದ್ದನ್ನ ನಾನು ನೋಡಿಲ್ಲ. ನನಗೆ ಗೊತ್ತಿರೋದು ಅಷ್ಟೆ. ನಾನು ಜಾಗ ಬಿಡಲ್ಲ. ಅಟ್ಟಣೆ ಕಟ್ಟೋದಾದ್ರೆ ಕಟ್ಲಿ, ನಾನು ಆ ಗುಪ್ಪೆ ಮೇಲೇ ಕೂತಿರ್ತೀನಿ. ನನ್ನನ್ನೂ ಸೇರಿಸಿ ಸಿಮೆಂಟು ಹಾಕ್ಲಿ."

"ಇದು ಉತ್ತರ ಆಗ್ಲಿಲ್ಲ" ಎಂದ ಎಲಿಫಾಸ್. ನಿಜ ಹೇಳಬೇಕೆಂದರೆ ಆಗಿರಲಿಲ್ಲ. ಹಿರಿಯರಲ್ಲಿ ಇಬ್ಬರು ಮೂವರು ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಹೆಣವಿಲ್ಲದ ಗೋರಿಯ ಮೇಲೆ ತೀರ್ಪು ಕೊಡುವುದು ಅವರಿಗೂ ಕಷ್ಟವಾಗಿತ್ತು.

ಕಚೇರಿಯ ಯುವಕ ಜಾಗ ನೋಡಬೇಕು ಅಂದ. ಸರಿ, ಎಲ್ಲರೂ ಹೊರಟೆವು. ಮೇ ತಿಂಗಳಲ್ಲಿ ನದಿಯಲ್ಲಿ ಇನ್ನೂ ಬಲ ಇರುತ್ತದೆ. ತಿರುವಿಗೆ ಬರುವ ಹೊತ್ತಿಗೆ ಹನಿ ಮುಖಕ್ಕೆ ರಾಚುತ್ತದೆ, ಪಕ್ಕದವರ ಜೊತೆ ಮಾತಾಡಬೇಕೆಂದರೂ ಕೂಗಿಕೊಳ್ಳಬೇಕು. ಬಂಡೆಗಳಿಗೆ ಕಚ್ಚಿಕೊಂಡ ದೊಡ್ಡ ದೊಡ್ಡ ಬಾವೊಬಾಬ್ ಮರಗಳ ನಡುವೆ ನೀರು ಬಿಳುಪಾಗಿ ಇಳಿಯುತ್ತಿತ್ತು. ಮೊದಲ ಸಲ ನೋಡಿದ ಆ ಯುವಕ ಫೈಲನ್ನು ಎದೆಗೆ ಅಪ್ಪಿಕೊಂಡು ಹಾಗೇ ನಿಂತುಬಿಟ್ಟ. ಎಲಿಫಾಸ್ ಅವನ ಭುಜ ಮುಟ್ಟಿ ಮುಂದಕ್ಕೆ ಕರೆದುಕೊಂಡು ನಡೆದ. ನಾನು ಅವರ ಹಿಂದೆಯೇ ಗೌನು ಎತ್ತಿಕೊಂಡು ಹೋಗುತ್ತಿದ್ದೆ. ಕಾನಿಂಗಿರೆ ನನ್ನ ಪಕ್ಕ. ಅವಳು ಅವತ್ತು ಬಾಯಿಗೆ ನೀರು ತೆಗೆದುಕೊಳ್ಳಲಿಲ್ಲ. ಹೊಸಬನನ್ನು ಅವಳು ಪರಿಚಯಿಸದೆ ಬಿಟ್ಟದ್ದು ನನಗೆ ತಿಳಿದ ಹಾಗೆ ಅದೇ ಮೊದಲು. ಅವಳು ಸೋತಳು ಎಂದು ನನಗೆ ಆಗಲೇ ಅನ್ನಿಸಿತು.

ಎಲಿಫಾಸ್ ಕೂಗಿ ಕೂಗಿ ವಿವರಿಸುತ್ತಿದ್ದ. ನನಗೆ ತಕ್ಕಮಟ್ಟಿಗೆ ಇಂಗ್ಲಿಷ್ ಅರ್ಥವಾಗುತ್ತದೆ. ಮೆಟ್ಟಿಲು ಇಲ್ಲಿಂದ ಬರುತ್ತದೆ, ಗಾಡಿಗಳು ಅಲ್ಲಿ ನಿಲ್ಲುತ್ತವೆ ಎಂದು ಬಲಗೈ ಬೀಸಿ ತೋರಿಸುತ್ತ ಗುಪ್ಪೆಯ ಹತ್ತಿರ ಬಂದ. ಬಂದವನು ಬಗ್ಗಿದ. ಎಡಗೈಯಿಂದ ಒಂದು ಕಲ್ಲು ತೆಗೆದು ಗುಪ್ಪೆಯ ಮೇಲಿಟ್ಟ. ಆ ಗದ್ದಲದಲ್ಲಿ ಕೂಗಿಯೇ ಮಾತಾಡುತ್ತಿದ್ದನಲ್ಲ, ಅದೇ ಗಂಟಲಲ್ಲಿ, ನಮ್ಮ ಮಾತಿನಲ್ಲಿ, "ನಾನು ಎಲಿಫಾಸ್, ಕಹಾರೆಯ ಮಗ, ದಾರಿ ಬಿಡು ತಂದೆ" ಅಂದ. ಅಂದು, ಮತ್ತೆ ಇಂಗ್ಲಿಷಿಗೆ ಹೊರಳಿ, ಒಂದು ಸಲಕ್ಕೆ ಇಪ್ಪತ್ತು ಗಾಡಿ ನಿಲ್ಲಿಸಬಹುದು ಎಂದು ಮುಂದುವರಿಸಿದ.

ನಾನು ನಿಂತೆ. ಕಾನಿಂಗಿರೆ ನಿಂತಳು. ಹಿಂದಿನವರು ಬಂದು ನಮಗೆ ಡಿಕ್ಕಿ ಹೊಡೆದರು. ಎಲಿಫಾಸ್ ಒಬ್ಬನಿಗೇ ಏನಾಯಿತೆಂದು ಗೊತ್ತಾಗಲಿಲ್ಲ. ಕಚೇರಿಯ ಯುವಕನಿಗೆ ಅನುಮಾನ ಬಂತು.

"ನಡುವೆ ಏನೋ ಹೇಳಿದಿರಲ್ಲ, ಏನದು?" ಎಂದು ಕೇಳಿದ.

"ಗಾಡಿ ನಿಲ್ಲಿಸೋ ಜಾಗ. ಇಪ್ಪತ್ತು."

"ಅದಲ್ಲ. ಅದಕ್ಕೂ ಮುಂಚೆ. ಬಗ್ಗಿ ಆ ಕಲ್ಲುಗಳಿಗೆ ಏನೋ ಹೇಳಿದಿರಿ."

ಎಲಿಫಾಸ್ ತನ್ನ ಎಡಗೈ ನೋಡಿಕೊಂಡ. ಅಂಗೈಯಲ್ಲಿ ಒದ್ದೆ ಮಣ್ಣು ಮೆತ್ತಿತ್ತು. ಗುಪ್ಪೆಯ ಕಡೆ ನೋಡಿದ, ಆಮೇಲೆ ನಮ್ಮ ಕಡೆ. ಅವನ ಮುಖದಿಂದ ಪೇಟೆಯ ಗತ್ತು ಇಳಿದುಹೋಯಿತು. ಆರು ವರ್ಷದವನಿದ್ದಾಗ ಅತ್ತಿದ್ದನಲ್ಲ, ಅದೇ ಮುಖ.

ಕಾನಿಂಗಿರೆ ಅವನ ಎದುರು ಹೋಗಿ ನಿಂತಳು. ಅವಳಿಗೆ ದನಿ ವಾಪಸು ಬಂದಿತ್ತು.

"ಎಲಿಫಾಸ್, ಯಾರಿಗೆ ಹೆಸರು ಹೇಳ್ದೆ?"

"ಅದು... ಅಭ್ಯಾಸ ಅಕ್ಕಾ. ಬರೀ ಅಭ್ಯಾಸ."

"ಸರಿ, ಅಭ್ಯಾಸ. ಬರೀ ಕಲ್ಲಿನ ಮೇಲೆ ಬರೀ ಕಲ್ಲು ಇಟ್ಟೆ. ಹಾಗಿದ್ರೆ ತೆಗಿ. ನೀನು ಇಟ್ಟ ಕಲ್ಲು, ನಿನ್ನದೇ. ಎತ್ತಿ ನೀರಿಗೆ ಎಸೆದುಬಿಡು. ಎಸೆದ್ರೆ ನಾನು ಇವತ್ತೇ ಆಡು ಹೊಡ್ಕೊಂಡು ಹೋಗ್ತೀನಿ. ಇಷ್ಟು ಜನ ಇದ್ದಾರೆ, ಎಲ್ಲರ ಮುಂದೆ ಹೇಳ್ತಿದ್ದೀನಿ."

ಇವಳಿಗೇನು ಹುಚ್ಚೇ ಅಂದುಕೊಂಡೆ. ಒಂದು ಕಲ್ಲು ಎತ್ತಿ ಎಸೆಯಲು ಎಷ್ಟು ಹೊತ್ತು? ಎಲಿಫಾಸ್ ಬಗ್ಗಿದ. ಕೈ ಚಾಚಿದ. ಬೆರಳು ಕಲ್ಲಿಗೆ ಒಂದು ಗೇಣು ದೂರದಲ್ಲಿ ನಿಂತಿತು. ನೀರು ಬೀಳುತ್ತಲೇ ಇತ್ತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಪ್ಯಾಂಟಿಗೆ ಒರೆಸಿಕೊಂಡ. "ನನ್ನ ಕೈಲಿ ಆಗಲ್ಲ" ಅಂದ. ಮೆಲ್ಲಗೆ ಅಂದದ್ದು, ತುಟಿ ನೋಡಿ ಅರ್ಥ ಮಾಡಿಕೊಂಡೆವು.

ಮಂಜುಗಣ್ಣಿನ ಮುತಂಬೊ, "ಏನಾಯ್ತು? ಎಸೆದ್ನಾ?" ಎಂದು ನನ್ನ ತೋಳು ಜಗ್ಗಿದ.

"ಎಸೀಲಿಲ್ಲ ಅಜ್ಜಾ" ಎಂದು ಅವನ ಕಿವಿಯಲ್ಲಿ ಕೂಗಿದೆ.

ಮುತಂಬೊ ಕೋಲೂರಿಕೊಂಡು ಬಂದು, ತಡಕಾಡಿ ಒಂದು ಕಲ್ಲು ಹುಡುಕಿ ಗುಪ್ಪೆಯ ಮೇಲಿಟ್ಟ, ತನ್ನ ಹೆಸರು ಹೇಳಿದ. ಆಮೇಲೆ ಎಲಿಫಾಸನ ಕಡೆ ತಿರುಗಿ, "ಒಳಗೆ ಯಾರೂ ಇಲ್ಲ ಅಂದ್ಯಲ್ಲ ಮಗನೇ, ನೀನೇ ಮಾತಾಡಿಸಿಬಿಟ್ಟೆ. ಆ ಹುಡುಗನಿಗೆ ಇದನ್ನ ಇಂಗ್ಲಿಷಲ್ಲಿ ಹೇಳು. ಸರಿಯಾಗಿ ಹೇಳು" ಅಂದ.

ಎಲಿಫಾಸ್ ಹೇಳಿದ. ಅವನನ್ನು ಮೆಚ್ಚಬೇಕು, ಒಂದು ಮಾತೂ ಬಿಡದೆ ಹೇಳಿದ. ಯುವಕ ಫೈಲಿನಲ್ಲಿ ಏನೋ ಬರೆಯಲು ಹೊರಟ. ಹನಿ ಬಿದ್ದು ಕಾಗದ ಒದ್ದೆಯಾಗಿತ್ತು, ಪೆನ್ನು ಓಡಲಿಲ್ಲ. ತಲೆಯೆತ್ತುವಷ್ಟರಲ್ಲಿ ಕಾನಿಂಗಿರೆ ಕೆನ್ನೆ ಉಬ್ಬಿಸಿಕೊಂಡು ಅವನ ಎದುರಿಗಿದ್ದಳು. ಪಾಪ, ಕನ್ನಡಕ ತೆಗೆಯಲೂ ಅವನಿಗೆ ಸಮಯ ಸಿಗಲಿಲ್ಲ.

ಅಟ್ಟಣೆ ಈಗ ಇನ್ನೂರು ಹೆಜ್ಜೆ ಮೇಲೆ ಇದೆ. ಅಲ್ಲಿಂದ ಅರ್ಧ ಜಲಪಾತ ಕಾಣುತ್ತದೆ. ಉಳಿದರ್ಧ ನೋಡಬೇಕೆಂದರೆ ಜನ ಕಾನಿಂಗಿರೆಯ ತಿರುವಿಗೇ ಬರಬೇಕು, ಒದ್ದೆಯಾಗಬೇಕು. ಎಲಿಫಾಸ್ ಪ್ರವಾಸಿಗಳನ್ನು ತಾನೇ ಕರೆತರುತ್ತಾನೆ, ಬಂದಾಗಲೆಲ್ಲ ಕಲ್ಲು ಇಡುತ್ತಾನೆ. ಈಗ ಗೊತ್ತಿದ್ದೇ ಇಡುತ್ತಾನೆ.

ಅಕ್ಟೋಬರ್ ಬಂತು. ನದಿ ಬತ್ತಿತು, ಕೆಳಗಿನ ಬಂಡೆಗಳು ಎದ್ದವು. ಅವಳು ಕೋಲು ಹಿಡಿದು ಇಳಿಯುತ್ತಾಳೆಂದು ನಾನು ಅಂಗಡಿಯ ಬಾಗಿಲಿನಿಂದ ದಿನವೂ ನೋಡುತ್ತಿದ್ದೆ. ಇಳಿಯಲಿಲ್ಲ. ತಿಂಗಳು ಮುಗಿಯುತ್ತ ಬಂದಾಗ ಒಂದು ಸಂಜೆ ಸಕ್ಕರೆ ಪೊಟ್ಟಣ ಹಿಡಿದುಕೊಂಡು ನಾನೇ ಹೋದೆ. ಅವಳು ಆಡಿನ ಹಾಲು ಕರೆಯುತ್ತಿದ್ದಳು.

"ಈ ವರ್ಷ ನಿನ್ನ ಆಡು ಕಳೀಲಿಲ್ವೇನೇ?"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಇಷ್ಟು ವರ್ಷವೂ ನನಗೆ ಗೊತ್ತಿತ್ತೆಂದು ಅವಳಿಗೂ ಗೊತ್ತಿತ್ತು.

"ಇಲ್ಲ. ಎಲ್ಲ ಇಲ್ಲೇ ಇವೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ. ಕೇಳಿಯೇಬಿಟ್ಟೆ. "ಆಚೆ ಇರೋ ಆ ಕುಂಟನ್ನ ಒಂದ್ಸಲ ಹೋಗಿ ನೋಡಿ ಬರ್ಬಾರ್ದಾ? ಎರಡೇ ದಿನದ ದಾರಿ. ನೀರೂ ಇಳಿದಿದೆ. ನಾನು ಬೇಕಾದ್ರೆ ಜೊತೆಗೆ ಬರ್ತೀನಿ."

ಅವಳು ಹಾಲಿನ ಬುರುಡೆಯನ್ನು ಪಕ್ಕಕ್ಕಿಟ್ಟಳು. ಕೋಪ ಬಂತೇನೋ ಅಂದುಕೊಂಡೆ, ಬಂದಿರಲಿಲ್ಲ. ನದಿಯ ಕಡೆ ಒಂದು ಸಲ ನೋಡಿದಳು.

"ನಾನು ಯಾಕೆ ಹೋಗ್ಲಿ ಅಲ್ವೀನ? ಅವನು ಯಾರೇ ಆಗಿರ್ಲಿ, ಬರಬೇಕು ಅನ್ಸಿದ್ರೆ ಅವನೇ ಬರ್ಲಿ. ಬಂದ್ರೆ ಬಾಯಿ ತುಂಬ ನೀರು ಇಟ್ಕೊಂಡು ನಾನು ಇಲ್ಲೇ ನಿಂತಿರ್ತೀನಿ. ಅವನೂ ಎಲ್ಲರ ಹಾಗೆ ಒಂದು ಕಲ್ಲು ಇಟ್ಟು, ಹೆಸರು ಹೇಳಿ, ನಮ್ಮಪ್ಪನ ಹತ್ರ ದಾರಿ ಕೇಳ್ಲಿ."